ಎರಡು ಮಾತಿನ ಪಾತ್ರ

ಪೋಸ್ಟರಿನಲ್ಲಿ ಅವನ ಹೆಸರು ಯಾವಾಗಲೂ ಅಡಿಯಲ್ಲಿ,
ಮುದ್ರಕನ ವಿಳಾಸಕ್ಕಿಂತ ಒಂದೇ ಗೆರೆ ಮೇಲೆ.
ಗಿಲ್ಬರ್ಟ್ ಆಖ್ಟರ್‌ಲೋನಿ. ಅದೂ ಎಷ್ಟೋ ಸಲ
ಜಾಗ ಸಾಲದೆ ‘ಗಿ. ಆಖ್ಟರ್’.
"ಬಿಡು ನೆಟ್ಟಾ, ಬಾಲ ಕತ್ತರಿಸಿದರೂ ಬೆಕ್ಕು ಬೆಕ್ಕೇ"
ಎಂದು ಬಾಗಿಲಿಗೊರಗಿ ಪೈಪು ತುಂಬುತ್ತಿದ್ದ.
ನಮಗೆಲ್ಲ ಅವನು ಗಿಬ್ಬಿ.

ಡಂಡಿ ಊರಿನ ಸೆಣಬಿನ ಗಿರಣಿಯ ಕೂಸು.
ಅವನವ್ವ ಎಫಿ ಮಗ್ಗದೆದುರು ಮೂವತ್ತು ವರ್ಷ ನಿಂತು
ಎರಡೂ ಕಿವಿ ಮಾಲೀಕನಿಗೆ ಕೊಟ್ಟು ಬಂದವಳು.
ಆ ಬೀದಿಯ ಹೆಂಗಸರೆಲ್ಲ ಹಾಗೆಯೇ:
ತುಟಿ ನೋಡಿ ಮಾತು ಓದುವವರು,
ಹುಬ್ಬಿನಲ್ಲೇ ಬಯ್ಯುವವರು.
ಆ ಅಡುಗೆಮನೆಯಲ್ಲಿ ದನಿ ಚಲಾವಣೆಯಿಲ್ಲದ ನಾಣ್ಯ.
ಹಸಿವಾದರೆ ಮುಖದಲ್ಲಿ ಹೇಳಬೇಕು.
ಸುಳ್ಳು ಹೇಳುವ ಮಾತೇ ಇಲ್ಲ,
ಮುಖ ಮೊದಲೇ ಒಪ್ಪಿಕೊಂಡಿರುತ್ತದೆ.

ಬೇರೆ ನಾಟಕಶಾಲೆಗೆ ಅವನು ಹೋದದ್ದಿಲ್ಲ.

ಸೋರುವ ವ್ಯಾನಿನಲ್ಲಿ ನಾವು ಎಂಟು ಜನ, ಒಂದು ಪರದೆ.
ವಿಕ್, ಉಲ್ಲಾಪೂಲ್, ಹಡಗು ಹತ್ತಿ ಸ್ಟಾರ್ನವೇ.
ಕುರಿಯುಣ್ಣೆಯ ವಾಸನೆಯ ಸಭಾಂಗಣಗಳು,
ಹಿಮ ಬಿದ್ದ ರಾತ್ರಿ ಪ್ರೇಕ್ಷಕರು ಏಳು, ಅದರಲ್ಲೊಂದು ನಾಯಿ.
ಗಿಬ್ಬಿ ಪೇದೆಯಾದ, ಪಾದ್ರಿಯಾದ, ದೋಣಿಯವನಾದ,
ಒಂದೇ ಕೋಟನ್ನು ಮಗುಚಿ ಹಾಕಿ ಶವಪೆಟ್ಟಿಗೆಯ ಬಡಗಿಯಾದ.
ಹದಿನೇಳು ಸಲ ಸತ್ತ. ಎರಡು ಸಲ ಮಧ್ಯಂತರಕ್ಕೆ ಮೊದಲೇ,
ಆಮೇಲೆ ಹಿಂದಿನ ಬಾಗಿಲಲ್ಲಿ ಟೀ ಮಾರಿದ.

ಲಂಡನ್ನಿಗೂ ಹೋಗಿದ್ದ. ಮೂರು ವಾರ.
"ನಾಲಿಗೆಗೆ ಇಸ್ತ್ರಿ ಹಾಕಿಸಿಕೊಂಡು ಬಾ ಅಂದರು,
ನನಗೆ ಸುಕ್ಕೇ ಬೆಚ್ಚಗೆ" ಎಂದು
ರಾತ್ರಿ ರೈಲಿನಲ್ಲಿ ಮರಳಿದ.

ಆಮೇಲೆ ಬಂತು ಟೆಲಿವಿಷನ್ನು.
ದೀಪಸ್ತಂಭದ ಕಾವಲುಗಾರ, ಹನ್ನೊಂದು ವರ್ಷ,
ವಾರಕ್ಕೆ ಎರಡೇ ಮಾತು: "ಗಾಳಿ ತಿರುಗಿತು." "ಹೂಂ."
ಊರಿಗೆ ಊರೇ ಅದನ್ನು ಬಾಯಿಪಾಠ ಮಾಡಿತು.
ಮೀನಂಗಡಿಯಲ್ಲಿ "ಗಾಳಿ ತಿರುಗಿತೇ ಗಿಬ್ಬಿ?"
ಪ್ರತಿ ಸಲವೂ, ಮೊದಲ ಸಲ ಕೇಳಿದವನಂತೆ,
ಅವನು ಆಕಾಶ ನೋಡಿ "ಹೂಂ" ಎನ್ನುತ್ತಿದ್ದ.
ಕಂಡಕ್ಟರು ಕಾಸು ಬೇಡವೆಂದರೆ
ಸೀಟಿನ ಸಂದಿಯಲ್ಲಿ ಸಿಕ್ಕಿಸಿ ಇಳಿಯುತ್ತಿದ್ದ.

ಎಪ್ಪತ್ತನಾಲ್ಕನೇ ವಯಸ್ಸಿಗೆ ಸಿಕ್ಕಿತು
ನಲವತ್ತೆರಡು ಮಾತಿನ ಅಜ್ಜನ ಪಾತ್ರ.
ನಾನು ಎಂದಿನಂತೆ ಸೈಡ್‌ವಿಂಗಿನ ಸ್ಟೂಲಿನಲ್ಲಿ,
ಮಡಿಲಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು.
ಮೂರನೇ ರಾತ್ರಿ, ಕುರ್ಚಿಯ ಬೆನ್ನು ಹಿಡಿದು, ನಿಂತ.
ನಿಂತೇ ಇದ್ದ.
ಪಿಸುಗುಟ್ಟಿದರೆ ಮುಂದಿನ ಸಾಲಿಗೆ ಕೇಳುತ್ತದೆ.
ಅವನು ಮೆಲ್ಲಗೆ ತಿರುಗಿ ನನ್ನತ್ತ ನೋಡಿದ
ಅಡುಗೆಮನೆಯ ಹುಡುಗನ ಕಣ್ಣಲ್ಲಿ.
ದನಿಯಿಲ್ಲದೆ ಬರೀ ತುಟಿಯಾಡಿಸಿದೆ. ಓದಿಕೊಂಡ.
ಮರುದಿನ ಪತ್ರಿಕೆ ಬರೆಯಿತು: ಎಂಥ ಮೌನ, ಎಂಥ ಪಳಗಿದ ಮೌನ!
ನಾವಿಬ್ಬರೂ ಆ ತುಂಡು ಕತ್ತರಿಸಿ
ಅವನ ಸೋರುವ ಬೂಟಿಗೆ ಹಾಸಿದೆವು.

ಒಂಬತ್ತು ರಾತ್ರಿ ಹಾಗೆ ದಾಟಿಸಿದೆ.
ಹತ್ತನೆಯದಕ್ಕೆ ಅವನೇ ಬಣ್ಣದ ಡಬ್ಬಿ ತಂದು
ನನ್ನ ಸ್ಟೂಲಿನ ಕೆಳಗಿಟ್ಟು, ಕೋಟು ಹಾಕಿಕೊಂಡ.

ಬಾಲ್ಗೇ ಗುಡ್ಡದಲ್ಲಿ ಮಣ್ಣು ಕೊಟ್ಟು ಆರು ವರ್ಷ.
ಈಗ ನನಗೂ ಕಿವಿ ಮಂದ.
ಹಳೆಯ ಕಂತುಗಳನ್ನು ಮಧ್ಯರಾತ್ರಿ ಮತ್ತೆ ಹಾಕುತ್ತಾರೆ,
ದನಿ ಆರಿಸಿ ನೋಡುತ್ತೇನೆ.
ನಾಯಕ ನಾಯಕಿ ಮುಂದೆ ಏನೋ ಅಳುತ್ತಿರುತ್ತಾರೆ.
ಹಿಂದೆ, ಮಸುಕಿನಲ್ಲಿ, ಲಾಟೀನಿನ ಗಾಜೊರೆಸುತ್ತ ಗಿಬ್ಬಿ.
ಮಾತಿಲ್ಲದ ದೃಶ್ಯ. ಸ್ಕ್ರಿಪ್ಟು ನನಗೆ ಗೊತ್ತು.
ಆದರೂ ತುಟಿ ಅಲ್ಲಾಡುತ್ತಿದೆ.

ಇಷ್ಟು ವರ್ಷ ಪುಸ್ತಕ ಹಿಡಿದು ಕೂತವಳು
ಇದನ್ನು ಕಂಡಿರಲಿಲ್ಲ.
ಕನ್ನಡಕ ಒರೆಸಿ ಹತ್ತಿರ ಹೋಗಿ ಓದಿದೆ:

ಅವ್ವಾ, ಉಂಡೆಯಾ?
ಕಲ್ಲಿದ್ದಲಿನವನು ಬಂದಿದ್ದನಾ?
ಶುಕ್ರವಾರ ಬರ್ತೀನಿ.